ಕಂಪ್ಯೂಟರ್ ಇದ್ದೋನೇ ಹೀರೋನಾ?

ಮಿತ್ರರೇ, ಈ ವಾರ ತಾರೆಯರ ಸುದ್ದಿಗೆ ಸ್ವಲ್ಪ ರಜಾ. ಒಂದು ಕಥೆ ಹೇಳ್ತೀನಿ ಕೇಳಿ. ಇದರಲ್ಲಿ ಹೀರೋ ಇದ್ದಾನೆ, ವಿಲನ್ ಇದ್ದಾನೆ, ಫೈಟಿಂಗ್ ಇದೆ, ಕ್ಲೈಮ್ಯಾಕ್ಸೂ ಇದೆ. ಆದ್ರೆ ಹೀರೋ ಯಾರು ಅನ್ನೋದರಲ್ಲೇ ಬಹಳ ಜನ ಎಡವಿದ್ದಾರೆ!

ಇಸವಿ 2000. ಜಾಗ, ಅಮೆರಿಕದ ಡಲ್ಲಾಸ್ ನಗರ. ಮೇಜಿನ ಆ ಕಡೆ ಕೂತಿರೋರು ಬ್ಲಾಕ್‌ಬಸ್ಟರ್ ಕಂಪನಿಯ ಧಣಿಗಳು. ಸಾವಿರಾರು ಅಂಗಡಿ ಇಟ್ಟು ಇಡೀ ಅಮೆರಿಕಕ್ಕೆ ಸಿನಿಮಾ ಕ್ಯಾಸೆಟ್ ಬಾಡಿಗೆಗೆ ಕೊಡ್ತಿದ್ದ ಸಾಹುಕಾರರು. ಈ ಕಡೆ ಕೂತಿರೋರು ಹುಟ್ಟಿ ಮೂರೇ ವರ್ಷವಾಗಿದ್ದ, ನಷ್ಟದಲ್ಲಿ ಕುತ್ತಿಗೆವರೆಗೆ ಮುಳುಗಿದ್ದ ಒಂದು ಪುಟ್ಟ ಕಂಪನಿಯವರು. ಅದರ ಹೆಸರು ನೆಟ್‌ಫ್ಲಿಕ್ಸ್. ನಮ್ಮ ಕಂಪನೀನ 5 ಕೋಟಿ ಡಾಲರಿಗೆ ತಗೊಂಡುಬಿಡಿ ಅಂತ ಇವರು ಕೇಳಿದರು. ಸಾಹುಕಾರರು ಬೇಡ ಅಂದ್ರು. ಬಂದೋರು ಎದ್ದು ಹೋದರು.

ಸರಿಯಾಗಿ ಹತ್ತು ವರ್ಷ. 2010ರ ಸೆಪ್ಟೆಂಬರಿನಲ್ಲಿ ಬ್ಲಾಕ್‌ಬಸ್ಟರ್ ಕೋರ್ಟಿಗೆ ದಿವಾಳಿ ಅರ್ಜಿ ಹಾಕಿತು. ನೆಟ್‌ಫ್ಲಿಕ್ಸಿನ ಚಂದಾದಾರರ ಸಂಖ್ಯೆ 2024ರ ಕೊನೆಗೆ 30 ಕೋಟಿ ದಾಟಿತು.

ಈ ಕಥೆ ಗೊತ್ತಿರೋರೆಲ್ಲ ಹೊಡೆಯೋದು ಒಂದೇ ಡೈಲಾಗು. "ನೋಡ್ದಾ? ಕಂಪ್ಯೂಟರ್ ಇದ್ದೋನು ಗೆದ್ದ, ಇಲ್ಲದೋನು ಮಣ್ಣು ಮುಕ್ಕಿದ!" ಕೇಳೋಕೆ ಚೆನ್ನಾಗಿದೆ, ಶಿಳ್ಳೆ ಹೊಡೆಯೋ ಹಾಗಿದೆ. ಆದ್ರೆ ಅರ್ಧ ಸುಳ್ಳು. ಈ ಅರ್ಧ ಸುಳ್ಳನ್ನೇ ಬ್ಯಾಗಿನಲ್ಲಿಟ್ಟುಕೊಂಡು ಊರೂರು ತಿರುಗೋ ಮಾರಾಟಗಾರರು ಈಗ ತುಂಬಾ ಜನ ಇದ್ದಾರೆ. "ಅಣ್ಣಾ, ಈ ಸಾಫ್ಟ್‌ವೇರ್ ಹಾಕಿಸ್ಕೊಳ್ಳಿ, ಎದುರಂಗಡಿಯವನು ಗಂಟುಮೂಟೆ ಕಟ್ತಾನೆ" ಅಂತಾರೆ. ನಮ್ಮ ಓದುಗರಲ್ಲಿ ಮೊಬೈಲ್ ರಿಪೇರಿ ಅಂಗಡಿಯವರು, ಫೋಟೋ ಸ್ಟುಡಿಯೋದವರು, ಬೇಕರಿಯವರು, ಅಲ್ಲೆಲ್ಲ ಸಂಬಳಕ್ಕೆ ಇರೋರು ಎಷ್ಟೋ ಜನ ಇದ್ದೀರಿ. ಸಾಲ ಮಾಡಿ ದುಡ್ಡು ಹಾಕೋ ಮುಂಚೆ ಪೂರ್ತಿ ಪಿಚ್ಚರ್ ನೋಡಿಬಿಡಿ ಅಂತ ಈ ವಾರ ಇದನ್ನ ಬರೀತಿದ್ದೀನಿ.

ಫ್ಲ್ಯಾಶ್‌ಬ್ಯಾಕ್

ಬ್ಲಾಕ್‌ಬಸ್ಟರ್ ಅಂದ್ರೆ ಕಂಪ್ಯೂಟರ್ ಗೊತ್ತಿಲ್ಲದ ಹಳೇ ಕಾಲದ ಮುದುಕ ಅಂದ್ಕೊಂಡ್ರಾ? ಅಲ್ಲೇ ಇರೋದು ಸ್ವಾಮಿ ತಮಾಷೆ. ಬ್ಲಾಕ್‌ಬಸ್ಟರ್ ಹುಟ್ಟಿದ್ದೇ ಕಂಪ್ಯೂಟರಿನ ಹೊಟ್ಟೆಯಲ್ಲಿ!

1985ರಲ್ಲಿ ಇದನ್ನ ಶುರು ಮಾಡಿದೋನು ಡೇವಿಡ್ ಕುಕ್. ಅವನ ಮೂಲ ಕಸುಬು ಎಣ್ಣೆ ಬಾವಿ ಕಂಪನಿಗಳಿಗೆ ಕಂಪ್ಯೂಟರ್ ಸಾಫ್ಟ್‌ವೇರ್ ಮಾಡಿಕೊಡೋದು. ಎಣ್ಣೆ ವ್ಯಾಪಾರ ಬಿದ್ದಾಗ ಅವನ ಕಸುಬೂ ಬಿತ್ತು. ಆಗ ಅವನ ಕಣ್ಣಿಗೆ ಬಿದ್ದದ್ದು ವಿಡಿಯೋ ಕ್ಯಾಸೆಟ್ ಅಂಗಡಿ. ಆವತ್ತಿನ ವಿಡಿಯೋ ಅಂಗಡಿ ಅಂದ್ರೆ ಇಕ್ಕಟ್ಟು ಗೂಡು. ಸ್ಟಾಕ್ ಕಮ್ಮಿ. ಖಾಲಿ ಡಬ್ಬಿ ಮುಂದೆ ಜೋಡಿಸಿ, ಕ್ಯಾಸೆಟ್ಟು ಕೌಂಟರ್ ಹಿಂದೆ ಬಚ್ಚಿಡೋದು. ಯಾರು ಯಾವುದನ್ನ ತಗೊಂಡು ಹೋದ್ರು ಅನ್ನೋದಕ್ಕೆ ಕೈಯಲ್ಲಿ ಬರೆದ ಪುಸ್ತಕ. ನಮ್ಮಲ್ಲೂ 1980ರ ದಶಕದಲ್ಲಿ ವಿಡಿಯೋ ಲೈಬ್ರರಿಗಳು ಹೀಗೇ ಇದ್ದವು ಅಂತ ಆಗ ಕಾರ್ಡ್ ಮಾಡಿಸಿದ್ದ ಹಿರಿಯರು ಹೇಳ್ತಾರೆ.

ಕುಕ್ ಏನು ಮಾಡಿದ? ದೊಡ್ಡ ಬೆಳಕಿನ ಅಂಗಡಿ ತೆಗೆದ. ಸಾವಿರಾರು ಕ್ಯಾಸೆಟ್ ಕೈಗೆ ಸಿಗೋ ಹಾಗೆ ಇಟ್ಟ. ಪ್ರತಿ ಕ್ಯಾಸೆಟ್ಟಿಗೂ ಬಾರ್‌ಕೋಡು, ಪ್ರತಿ ಗಿರಾಕಿಗೂ ಕಾರ್ಡು. ಯಾವ ಏರಿಯಾದಲ್ಲಿ ಯಾವ ಥರದ ಜನ ಇದ್ದಾರೆ, ಅವರಿಗೆ ಫೈಟಿಂಗ್ ಚಿತ್ರ ಬೇಕಾ, ಮಕ್ಕಳ ಚಿತ್ರ ಬೇಕಾ ಅಂತ ಕಂಪ್ಯೂಟರಿನಲ್ಲಿ ನೋಡಿ ಸ್ಟಾಕ್ ಕಳಿಸೋದು. ಎದುರಂಗಡಿಯವನು ಪುಸ್ತಕ ತಿರುವಿ ಹುಡುಕೋ ಹೊತ್ತಿಗೆ ಇವನ ಗಿರಾಕಿ ಮನೆ ಸೇರಿ ಪಿಚ್ಚರ್ ಹಾಕ್ಕೊಂಡಿರ್ತಿದ್ದ. ಇದು ನಿಜವಾದ ಮೇಲುಗೈ. ಮಾಹಿತಿ ತಂತ್ರಜ್ಞಾನ ವ್ಯಾಪಾರಕ್ಕೆ ಲಾಭ ಕೊಡುತ್ತಾ ಅಂತ ಆವತ್ತು ಕೇಳಿದ್ರೆ, ಕುಕ್ ಬರೀ ತನ್ನ ಗಲ್ಲಾಪೆಟ್ಟಿಗೆ ತೋರಿಸ್ತಿದ್ದ.

1987ರಲ್ಲಿ ಕಂಪನಿ ಕಸ ಸಾಗಿಸೋ ವ್ಯವಹಾರದಲ್ಲಿ ದುಡ್ಡು ಮಾಡಿದ್ದ ವೇಯ್ನ್ ಹೈಜೆಂಗಾ ಕೈಗೆ ಬಂತು. ಅವನು ಮೂಲೆ ಮೂಲೆಗೂ ಅಂಗಡಿ ಹಾಕಿದ. 1994ರಲ್ಲಿ ವಯಾಕಾಮ್ ಕಂಪನಿ ಇದನ್ನ ಕೊಂಡಾಗ ಬೆಲೆ 840 ಕೋಟಿ ಡಾಲರ್. 2004ರ ಹೊತ್ತಿಗೆ ಪ್ರಪಂಚದಲ್ಲಿ 9 ಸಾವಿರ ಅಂಗಡಿ. ಈಗ ಹೇಳಿ, ಇವನು ಕಂಪ್ಯೂಟರ್ ಇಲ್ಲದೆ ಸೋತೋನಾ?

ಹುಣ್ಣು ಎಲ್ಲಿತ್ತು?

ಹುಣ್ಣು ಇದ್ದದ್ದು ದಂಡದಲ್ಲಿ. ಕ್ಯಾಸೆಟ್ ಒಂದು ದಿನ ತಡವಾಗಿ ತಂದ್ರೆ ದಂಡ, ಎರಡು ದಿನವಾದ್ರೆ ಇನ್ನೂ ದಂಡ. 2000ನೇ ಇಸವಿಯೊಂದರಲ್ಲೇ ಬ್ಲಾಕ್‌ಬಸ್ಟರಿಗೆ ಹೀಗೆ ಬಂದ ದುಡ್ಡು ಸುಮಾರು 80 ಕೋಟಿ ಡಾಲರ್. ಗಿರಾಕಿಗಳು ಶಾಪ ಹಾಕ್ಕೊಂಡೇ ಕಟ್ಟುತ್ತಿದ್ದರು. ಆ ದಂಡವನ್ನ ಒಂದು ಪೈಸೆ ಬಿಡದೆ ಲೆಕ್ಕ ಹಾಕ್ತಿದ್ದದ್ದು ಯಾವುದು? ಅದೇ ಕಂಪ್ಯೂಟರ್! ಗಿರಾಕಿಗೆ ಸುಖ ಕೊಡೋಕೆ ಬಂದ ಯಂತ್ರ, ಗಿರಾಕಿಯ ಜುಟ್ಟು ಹಿಡಿಯೋ ಯಂತ್ರ ಆಗಿಬಿಟ್ಟಿತ್ತು.

ಇನ್ನೊಂದು ಕಡೆ ಕ್ಯಾಲಿಫೋರ್ನಿಯಾದಲ್ಲಿ 1997ರಲ್ಲಿ ರೀಡ್ ಹೇಸ್ಟಿಂಗ್ಸ್, ಮಾರ್ಕ್ ರಾಂಡಾಲ್ಫ್ ಅನ್ನೋ ಇಬ್ಬರು ಒಂದು ಹಾಡಿನ ಸಿ.ಡಿ.ಯನ್ನ ಲಕೋಟೆಗೆ ಹಾಕಿ, ಹೇಸ್ಟಿಂಗ್ಸ್ ಮನೆ ವಿಳಾಸಕ್ಕೇ ಪೋಸ್ಟ್ ಮಾಡಿದರು. ಒಡೆಯದೆ ಬರುತ್ತಾ ಇಲ್ಲವಾ ಅಂತ ನೋಡೋಕೆ. ಒಡೆಯದೆ ಬಂತು. ದಪ್ಪ ಕ್ಯಾಸೆಟ್ ಹೋಗಿ ತೆಳ್ಳನೆ ಡಿವಿಡಿ ಆಗಷ್ಟೇ ಬಂದಿತ್ತು. ಅಂಗಡಿಯೇ ಇಲ್ಲದೆ ಅಂಚೆಯಲ್ಲಿ ಸಿನಿಮಾ ಕಳಿಸೋ ವ್ಯಾಪಾರ 1998ರಲ್ಲಿ ಶುರುವಾಯ್ತು.

ಮೊದಲು ಇವರೂ ಒಂದೊಂದು ಡಿವಿಡಿಗೆ ಇಷ್ಟು ಅಂತ ಬಾಡಿಗೆ ತಗೊಳ್ತಿದ್ದರು. ಏಳಲಿಲ್ಲ. 1999ರಲ್ಲಿ ಆಟದ ನಿಯಮವನ್ನೇ ಬದಲಿಸಿದರು. ತಿಂಗಳಿಗೆ ಇಷ್ಟು ಅಂತ ಕಟ್ಟು, ಡಿಸ್ಕನ್ನ ಎಷ್ಟು ದಿನ ಬೇಕಾದ್ರೂ ಇಟ್ಕೋ, ವಾಪಸ್ ಕಳಿಸಿದ್ರೆ ನಿನ್ನ ಪಟ್ಟಿಯಲ್ಲಿ ಮುಂದಿರೋದು ಬರುತ್ತೆ. ದಂಡ ಅನ್ನೋ ಮಾತೇ ಇಲ್ಲ!

ಇಲ್ಲಿ ಕಂಪ್ಯೂಟರ್ ಮಾಡಿದ ಕೆಲಸ ನೋಡಿ. ಎಲ್ಲರೂ ಹೊಸ ಚಿತ್ರವೇ ಬೇಕು ಅಂತ ಮುಗಿಬಿದ್ದರೆ ಎಷ್ಟು ಡಿವಿಡಿ ಕೊಂಡರೂ ಸಾಲಲ್ಲ. ಅದಕ್ಕೆ ನೆಟ್‌ಫ್ಲಿಕ್ಸ್, ನೋಡಿದ ಚಿತ್ರಕ್ಕೆ ಗಿರಾಕಿಯಿಂದಲೇ ನಕ್ಷತ್ರ ಹಾಕಿಸ್ಕೊಂಡಿತು. ನಿನಗೆ ಇದು ಇಷ್ಟವಾಗಿದ್ರೆ ಅದೂ ಇಷ್ಟ ಆಗುತ್ತೆ ಅಂತ ಮೂಲೆಯಲ್ಲಿ ಧೂಳು ಹಿಡಿದಿದ್ದ ಹಳೇ ಚಿತ್ರಗಳನ್ನ ತೋರಿಸಿತು. ಹಳೇ ಚಿತ್ರಕ್ಕೂ ಬೇಡಿಕೆ, ಗಿರಾಕಿಗೂ ಖುಷಿ, ಕಂಪನಿಗೂ ಖರ್ಚು ಕಮ್ಮಿ. ಇದು ಅಂಗಡಿಯಲ್ಲಿ ಕೊಂಡುತಂದ ಸಾಫ್ಟ್‌ವೇರ್ ಅಲ್ಲ. ಲಕ್ಷಾಂತರ ಜನ ವರ್ಷಗಟ್ಟಲೆ ಹಾಕಿದ ನಕ್ಷತ್ರಗಳ ರಾಶಿ. ಅದನ್ನ ಎದುರಾಳಿ ನಾಳೆ ಬೆಳಿಗ್ಗೆ ದುಡ್ಡು ಕೊಟ್ಟು ತರೋಕೆ ಆಗಲ್ಲ.

ಫೈಟಿಂಗ್ ಸೀನು

ಇಲ್ಲಿಗೆ ಮೂರನೇ ಪೈಲ್ವಾನ ಇಳಿದ. ವಾಲ್‌ಮಾರ್ಟ್! 1987ರಲ್ಲೇ ತನ್ನ ಅಂಗಡಿಗಳನ್ನೆಲ್ಲ ಸ್ವಂತ ಉಪಗ್ರಹ ಜಾಲದಿಂದ ಜೋಡಿಸಿದ್ದ ಕಂಪನಿ ಅದು. ಅಂಗಡಿ ವ್ಯಾಪಾರದಲ್ಲಿ ಅದಕ್ಕಿಂತ ದೊಡ್ಡ ಕಂಪ್ಯೂಟರ್ ಜಾಣ ಇನ್ನೊಬ್ಬ ಇರಲಿಲ್ಲ. ಅದೂ ಅಂಚೆಯಲ್ಲಿ ಡಿವಿಡಿ ಬಾಡಿಗೆ ಶುರುಮಾಡಿತು. ಏನಾಯ್ತು? 2005ರಲ್ಲಿ ಕೈ ಎತ್ತಿ, ತನ್ನ ಗಿರಾಕಿಗಳನ್ನ ನೆಟ್‌ಫ್ಲಿಕ್ಸ್ ಕಡೆಗೇ ಕಳಿಸಿತು. ಕಂಪ್ಯೂಟರಿನ ಗಾತ್ರವೇ ಗೆಲ್ಲಿಸೋದಾಗಿದ್ರೆ ಇಲ್ಲಿ ಗೆಲ್ಲಬೇಕಾಗಿದ್ದದ್ದು ವಾಲ್‌ಮಾರ್ಟ್.

ಬ್ಲಾಕ್‌ಬಸ್ಟರ್ ಏನು ಸುಮ್ಮನೆ ಕೂತಿತ್ತಾ? ಇಲ್ಲ ಗುರು. 2004ರಲ್ಲಿ ಅದೂ ಅಂಚೆ ಬಾಡಿಗೆ ಶುರುಮಾಡಿತು. 2005ರ ಶುರುವಿನಲ್ಲಿ ದಂಡ ತೆಗೆಯುತ್ತೇವೆ ಅಂತ ಸಾರಿತು. 2006ರ ಕೊನೆಯಲ್ಲಿ ಒಂದು ಭರ್ಜರಿ ಏಟು ಹೊಡೆಯಿತು. ಅಂಚೆಯಲ್ಲಿ ಬಂದ ಡಿವಿಡಿಯನ್ನ ಹತ್ತಿರದ ಅಂಗಡಿಗೇ ಕೊಟ್ಟು, ಅಲ್ಲಿಂದ ಇನ್ನೊಂದು ಚಿತ್ರ ಪುಕ್ಕಟೆ ತಗೊಂಡು ಹೋಗಬಹುದು! ಅಂಗಡಿಯೇ ಇಲ್ಲದ ನೆಟ್‌ಫ್ಲಿಕ್ಸ್ ಇದಕ್ಕೆ ಏನು ಉತ್ತರ ಕೊಡುತ್ತೆ? 2007ರ ಮಧ್ಯದ ಮೂರು ತಿಂಗಳಲ್ಲಿ ಮೊದಲ ಸಲ ಅದರ ಚಂದಾದಾರರು ಕಡಿಮೆಯಾದರು. ಹೀರೋ ನೆಲಕ್ಕೆ ಬಿದ್ದಿದ್ದ, ಇನ್ನೊಂದು ಏಟು ಬಾಕಿ ಇತ್ತು.

ಆ ಏಟು ಬೀಳಲೇ ಇಲ್ಲ. ಯಾಕಂದ್ರೆ ಬ್ಲಾಕ್‌ಬಸ್ಟರ್ ಮನೆಯೊಳಗೇ ಜಗಳ ಹತ್ತಿತ್ತು. ಷೇರು ಕೊಂಡು ಒಳಗೆ ಬಂದಿದ್ದ ಕಾರ್ಲ್ ಐಕಾನ್ ಅನ್ನೋ ದೊಡ್ಡ ಕುಳಕ್ಕೂ, ಕಂಪನಿ ನಡೆಸುತ್ತಿದ್ದ ಜಾನ್ ಆಂಟಿಯೊಕೊಗೂ ಸಂಬಳ, ಬೋನಸ್ಸು, ಖರ್ಚಿನ ವಿಷಯಕ್ಕೆ ಹೊಡೆದಾಟ. 2007ರಲ್ಲಿ ಆಂಟಿಯೊಕೊ ಹೊರಗೆ ಹೋದ. ಆಮೇಲೆ ಬಂದ ಜಿಮ್ ಕೀಸ್ ಅಂಚೆ ಯೋಜನೆಯ ದರ ಏರಿಸಿದ, ಮತ್ತೆ ಅಂಗಡಿ ಕಡೆಗೇ ಮುಖ ತಿರುಗಿಸಿದ. ತಲೆ ಮೇಲೆ ಸಾಲದ ಮೂಟೆ ಬೇರೆ. ನೆಟ್‌ಫ್ಲಿಕ್ಸ್ ಎದ್ದು ಧೂಳು ಕೊಡವಿಕೊಂಡಿತು. ಅದೇ 2007ರಲ್ಲಿ ಅದು ಇಂಟರ್ನೆಟ್ಟಿನಲ್ಲೇ ಚಿತ್ರ ತೋರಿಸೋಕೆ ಶುರುಮಾಡಿಯಾಗಿತ್ತು.

ಇಬ್ಬರ ಹತ್ತಿರಾನೂ ಕಂಪ್ಯೂಟರ್ ಇತ್ತು, ವೆಬ್‌ಸೈಟ್ ಇತ್ತು, ಡಿವಿಡಿ ಇತ್ತು, ಲಕೋಟೆ ಇತ್ತು. ಒಬ್ಬನು ತನ್ನ ಹಳೇ ಸಂಪಾದನೆಗೆ ತಾನೇ ಕೊಡಲಿ ಹಾಕೋಕೆ ತಯಾರಿದ್ದ. ಇನ್ನೊಬ್ಬನಿಗೆ ಕೊಡಲಿ ಎತ್ತೋ ಹೊತ್ತಿಗೆ ಕೈ ನಡುಗಿತು.

ಸೆಕೆಂಡ್ ಹಾಫ್‌ನಲ್ಲಿ ಒಂದು ಟ್ವಿಸ್ಟ್

ನೆಟ್‌ಫ್ಲಿಕ್ಸಿನ ಕಂಪ್ಯೂಟರ್ ಅಂದ್ರೆ ಬ್ರಹ್ಮಾಸ್ತ್ರ ಅಂತ ಇನ್ನೂ ಅನ್ಕೊಂಡಿದ್ರೆ ಇದನ್ನ ಕೇಳಿ. 2008ರ ಆಗಸ್ಟಿನಲ್ಲಿ ಅವರ ಕಂಪ್ಯೂಟರ್ ಕೆಟ್ಟು ಮೂರು ದಿನ ಗಿರಾಕಿಗಳಿಗೆ ಡಿವಿಡಿ ಕಳಿಸೋಕೇ ಆಗಲಿಲ್ಲ. ಆಗ ಅವರು ಮಾಡಿದ ತೀರ್ಮಾನ, ಈ ಯಂತ್ರಗಳನ್ನ ನಾವು ಸಾಕೋದು ಬೇಡ, ಬಾಡಿಗೆಗೆ ತಗೊಳ್ಳೋಣ. ಯಾರ ಹತ್ತಿರ? ಅಮೆಜಾನ್ ಹತ್ತಿರ! ಅದೇ ಅಮೆಜಾನ್, ಪ್ರೈಮ್ ವಿಡಿಯೋ ಇಟ್ಟುಕೊಂಡು ನೆಟ್‌ಫ್ಲಿಕ್ಸ್ ಎದುರು ತೊಡೆ ತಟ್ಟುತ್ತಿರೋ ಕಂಪನಿ. 2016ರ ಜನವರಿಗೆ ಆ ಸ್ಥಳಾಂತರ ಪೂರ್ತಿ ಮುಗೀತು. ಚಿತ್ರವನ್ನ ಮನೆಮನೆಗೆ ಮುಟ್ಟಿಸೋ ಪೆಟ್ಟಿಗೆಗಳು ಮಾತ್ರ ನೆಟ್‌ಫ್ಲಿಕ್ಸಿನ ಸ್ವಂತದ್ದು. ಉಳಿದದ್ದು ಬಹುಪಾಲು ಎದುರಾಳಿಯ ಮನೆಯ ಒಲೆಯಲ್ಲೇ ಬೇಯ್ತಿದೆ. ಎದುರಾಳಿಯಿಂದಲೇ ಬಾಡಿಗೆಗೆ ಸಿಗೋ ಸಾಮಾನು ಗೆಲುವಿನ ಗುಟ್ಟು ಹೇಗಾದೀತು?

ಇನ್ನೂ ಒಂದಿದೆ. ಯಾವ ಗಿರಾಕಿಗೆ ಯಾವ ಚಿತ್ರ ಇಷ್ಟವಾಗುತ್ತೆ ಅಂತ ನಮ್ಮ ಕಂಪ್ಯೂಟರಿಗಿಂತ ಶೇಕಡಾ 10 ಚೆನ್ನಾಗಿ ಹೇಳೋರಿಗೆ 10 ಲಕ್ಷ ಡಾಲರ್ ಅಂತ 2006ರಲ್ಲಿ ನೆಟ್‌ಫ್ಲಿಕ್ಸ್ ಪಂದ್ಯ ಇಟ್ಟಿತು. 2009ರಲ್ಲಿ ಒಂದು ತಂಡ ಗೆದ್ದು ದುಡ್ಡು ತಗೊಂಡಿತು. ಆದ್ರೆ ಗೆದ್ದ ಆ ಲೆಕ್ಕವನ್ನ ಕಂಪನಿ ಪೂರ್ತಿಯಾಗಿ ಬಳಸಲೇ ಇಲ್ಲ. ಅಷ್ಟು ಕಷ್ಟಪಟ್ಟು ಅಳವಡಿಸಿದ್ರೂ ಸಿಗೋ ಲಾಭ ಸಾಲದು ಅನ್ನಿಸಿತು. ವ್ಯಾಪಾರವೂ ಅಷ್ಟರಲ್ಲಿ ಅಂಚೆಯಿಂದ ಇಂಟರ್ನೆಟ್ಟಿಗೆ ತಿರುಗಿತ್ತು.

2003ರ ಮೇ ತಿಂಗಳಲ್ಲಿ ನಿಕೊಲಸ್ ಕಾರ್ ಅನ್ನೋನು ಹಾರ್ವರ್ಡಿನ ವ್ಯಾಪಾರ ಪತ್ರಿಕೆಯಲ್ಲಿ ಒಂದು ಲೇಖನ ಬರೆದು ದೊಡ್ಡ ದೊಡ್ಡ ಕಂಪ್ಯೂಟರ್ ಕಂಪನಿಗಳವರ ಕೆಂಗಣ್ಣಿಗೆ ಗುರಿಯಾದ. ಪಿಯುಸಿ ಅರ್ಧಕ್ಕೆ ಬಿಟ್ಟ ನನ್ನಂಥೋನಿಗೂ ಅವನ ವಾದ ಅರ್ಥವಾಗುತ್ತೆ. ರೈಲು, ವಿದ್ಯುತ್ತು ಬಂದ ಹೊಸದರಲ್ಲಿ ಮೊದಲು ಹಿಡಿದೋನಿಗೆ ಲಾಭ. ಎಲ್ಲರ ಮನೆಗೂ ಕರೆಂಟ್ ಬಂದಮೇಲೆ ನನ್ನ ಅಂಗಡೀಲಿ ಕರೆಂಟಿದೆ ಅಂತ ಯಾರು ಬೋರ್ಡ್ ಹಾಕ್ತಾರೆ? ಕಂಪ್ಯೂಟರೂ ಅಷ್ಟೇ. ಇಲ್ಲದಿದ್ರೆ ಸಾಯ್ತೀಯ, ಆದ್ರೆ ಇದೆ ಅನ್ನೋ ಕಾರಣಕ್ಕೇ ಗೆಲ್ಲಲ್ಲ. ಇದು ಕಾರ್ ವಾದದ ತಿರುಳು. ಯಂತ್ರದ ಮಟ್ಟಿಗೆ ಇದು ನಿಜ. ಯಂತ್ರ ಹಿಡಿದ ಕೈಯ ಲೆಕ್ಕ ಬೇರೆ, ಅದನ್ನ ಬ್ಲಾಕ್‌ಬಸ್ಟರ್ ಕಥೆಯಲ್ಲೇ ನೋಡಿದಿರಿ.

ನಮ್ಮ ಥಿಯೇಟರಿಗೆ ಬನ್ನಿ

ಇದೆಲ್ಲ ಅಮೆರಿಕದ ಕಥೆ, ನಮಗ್ಯಾಕೆ ಅಂತೀರಾ? ಇದೇ ಪಾಠ ನಮ್ಮ ಕಣ್ಣೆದುರೇ, ನಾವು ಶಿಳ್ಳೆ ಹೊಡೆಯೋ ಥಿಯೇಟರಿನಲ್ಲೇ ನಡೆದಿದೆ.

ಹಿಂದೆ ಎರಡೂವರೆ ಗಂಟೆಯ ಚಿತ್ರ ಅಂದ್ರೆ 13 ಸಾವಿರ ಅಡಿಗೂ ಮೇಲೆ ಫಿಲ್ಮು, ಡಬ್ಬಿಗಟ್ಟಲೆ ರೀಲು. ಪ್ರಿಂಟ್ ದುಬಾರಿ. ಅದಕ್ಕೇ ಬೆಂಗಳೂರು, ಮೈಸೂರಿನಲ್ಲಿ ಓಡಿದ ಪ್ರಿಂಟು ಗೆರೆ ಗೆರೆ ಬಿದ್ದು ಸಣ್ಣ ಊರಿಗೆ ಬರೋಕೆ ವಾರ, ತಿಂಗಳುಗಳೇ ಹಿಡೀತಿದ್ದವು. 2005ರ ಆಸುಪಾಸಿನಿಂದ ಯುಎಫ್‌ಒ, ಕ್ಯೂಬ್ ಅಂತ ಡಿಜಿಟಲ್ ಪೆಟ್ಟಿಗೆ ಬಂತು. ಉಪಗ್ರಹದಿಂದಲೋ ಹಾರ್ಡ್ ಡಿಸ್ಕಿನಿಂದಲೋ ಚಿತ್ರ ಬರುತ್ತೆ, ತಾಲ್ಲೂಕು ಕೇಂದ್ರದಲ್ಲೂ ಶುಕ್ರವಾರವೇ ಬಿಡುಗಡೆ! ಮೊದಲು ಹಾಕಿಸಿದ ಥಿಯೇಟರಿಗೆ ಹಬ್ಬ. ಸ್ವಲ್ಪ ದಿನಕ್ಕೆ ಎದುರಿನೋನೂ ಹಾಕಿಸಿದ, ಪಕ್ಕದೂರಿನೋನೂ ಹಾಕಿಸಿದ. ಆಮೇಲೆ ಯಾರಿಗೆ ಮೇಲುಗೈ? ಯಾರಿಗೂ ಇಲ್ಲ. ಸುಖಪಟ್ಟೋರು ನಾವು, ಪ್ರೇಕ್ಷಕರು. ದುಡ್ಡು ಕಂಡೋರು ಪೆಟ್ಟಿಗೆ ಕಂಪನಿಗಳು. ಅವರು ಪ್ರತಿ ಚಿತ್ರಕ್ಕೂ ವಿಧಿಸೋ ಶುಲ್ಕ ಜಾಸ್ತಿಯಾಯ್ತು ಅಂತ 2018ರ ಮಾರ್ಚಿನಲ್ಲಿ ದಕ್ಷಿಣದ ನಿರ್ಮಾಪಕರು ಹೋರಾಟಕ್ಕಿಳಿದರು. ತಮಿಳಿನಲ್ಲಂತೂ ಏಪ್ರಿಲ್‌ವರೆಗೂ ಹೊಸ ಚಿತ್ರವೇ ಬರಲಿಲ್ಲ. ಇತ್ತ ಕಾರ್ಬನ್ ಕಡ್ಡಿ ಉರಿಸಿ, ರೀಲು ಬದಲಿಸೋ ಕೆಲಸವನ್ನ ಒಂದು ವಿದ್ಯೆ ಅಂತ ಕಲಿತಿದ್ದ ಆಪರೇಟರಿನ ಕಸುಬು ಒಂದು ಗುಂಡಿ ಒತ್ತೋ ಕೆಲಸವಾಯ್ತು.

ಟಿಕೆಟ್ ಕಥೆಯೂ ಅದೇ. 2007ರಲ್ಲಿ ಬುಕ್‌ಮೈಶೋ ಬಂತು. ಕ್ಯೂನಲ್ಲಿ ಅಂಗಿ ಹರಿದುಕೊಳ್ಳೋದು ತಪ್ಪಿತು, ಬ್ಲಾಕ್ ಟಿಕೆಟಿನೋನ ವ್ಯಾಪಾರಕ್ಕೂ ಪೆಟ್ಟು ಬಿತ್ತು. ಸಂತೋಷ. ಆದ್ರೆ ಎದುರಾಬದುರಾ ಎರಡು ಥಿಯೇಟರು, ಎರಡಕ್ಕೂ ಅದೇ ಆಪು, ಎರಡರಲ್ಲೂ ಅದೇ ಚಿತ್ರ. ನೀವು ಯಾವುದಕ್ಕೆ ಹೋಗ್ತೀರಿ? ಸೌಂಡ್ ಚೆನ್ನಾಗಿರೋದಕ್ಕೆ, ಸೀಟು ಮುರಿಯದೆ ಇರೋದಕ್ಕೆ, ಟಾಯ್ಲೆಟ್ ಮೂಗು ಮುಚ್ಚಿಸದೆ ಇರೋದಕ್ಕೆ. ಇನ್ನೊಂದು ಸೂಕ್ಷ್ಮ ಗಮನಿಸಿ. ನಿಮ್ಮ ಹೆಸರು, ನಂಬರು, ನೀವು ಯಾವ ಹೀರೋ ಚಿತ್ರಕ್ಕೆ ಮೊದಲ ದಿನವೇ ಓಡ್ತೀರಿ ಅನ್ನೋ ಮಾಹಿತಿ ಸೇರೋದು ಟಿಕೆಟ್ ಮಾರೋ ಆಪಿನ ಹತ್ತಿರ. ಬಾಗಿಲಲ್ಲಿ ನಿಂತು ನಿಮ್ಮನ್ನ ಒಳಗೆ ಬಿಡೋ ಥಿಯೇಟರಿನೋನಿಗೆ ನೀವು ಬರೀ ಒಂದು ಸೀಟ್ ನಂಬರು. ಡಿಜಿಟಲ್ ಕಾಲ ಬಂದಮೇಲೇ ಗಾಂಧಿನಗರದ ಕಪಾಲಿ 2017ರಲ್ಲಿ ಬಾಗಿಲು ಹಾಕಿತು, ಸದಾಶಿವನಗರದ ಕಾವೇರಿ 2024ರಲ್ಲಿ ಹಾಕಿತು. ಕಂಪ್ಯೂಟರ್ ಯುಗ ಅವನ್ನ ಕಾಪಾಡಲಿಲ್ಲ.

ಹಾಗಾದ್ರೆ ಕೊಳ್ಳೋದಾ, ಬಿಡೋದಾ?

ಕೊಳ್ಳಿ. ಬೇಡ ಅಂತ ನಾನೆಲ್ಲಿ ಹೇಳಿದೆ? ಆದ್ರೆ ಅಂಗಡಿಗೆ ಸಾಫ್ಟ್‌ವೇರ್ ಮಾರೋಕೆ ಬಂದೋನನ್ನ ಕೂರಿಸಿ, ಒಂದು ಕಾಫಿ ಕೊಡಿಸಿ, ಮೂರು ಪ್ರಶ್ನೆ ಕೇಳಿ.

ಒಂದು, ಇದನ್ನ ಮುಂದಿನ ತಿಂಗಳು ಎದುರಂಗಡಿಗೂ ಮಾರ್ತೀಯಾ? ಹೌದು ಅಂದ್ರೆ ಅದು ಕರೆಂಟ್ ಬಿಲ್ಲಿನ ಥರದ ಖರ್ಚು. ಕೆಲಸ ನಡೆಯೋ ಅಷ್ಟು ಅಗ್ಗದ್ದು ತಗೊಳ್ಳಿ, ಸಾಲ ಮಾಡಬೇಡಿ. 2016ರಲ್ಲಿ ಯುಪಿಐ ಬಂತು, ಇವತ್ತು ಪ್ರತಿ ಟೀ ಅಂಗಡೀಲೂ ಕ್ಯೂಆರ್ ಕೋಡ್ ಇದೆ. ಅದರಿಂದ ಯಾವ ಟೀ ಅಂಗಡಿಯೂ ಪಕ್ಕದ ಅಂಗಡಿಯನ್ನ ಸೋಲಿಸಲಿಲ್ಲ. ಆದ್ರೆ ಒಂದು ದಿನ ಅದನ್ನ ಕಿತ್ತು ನೋಡಿ, ಗಿರಾಕಿ ಪಕ್ಕಕ್ಕೆ ಹೋಗ್ತಾನೆ!

ಎರಡು, ನನ್ನ ಗಿರಾಕಿಗಳ ಪಟ್ಟಿ ಯಾರ ಕೈಯಲ್ಲಿರುತ್ತೆ? ನಿಮ್ಮ ಕೈಯಲ್ಲಿದ್ರೆ ಅದು ನೆಟ್‌ಫ್ಲಿಕ್ಸಿನ ನಕ್ಷತ್ರಗಳ ರಾಶಿ ಇದ್ದ ಹಾಗೆ, ವರ್ಷ ಕಳೆದಷ್ಟೂ ಬೆಲೆ. ಮಾರೋನ ಕೈಯಲ್ಲಿದ್ರೆ ನೀವು ಅವನ ಗೇಟ್ ಕೀಪರ್.

ಮೂರನೇದು ಅವನನ್ನಲ್ಲ, ನಿಮ್ಮನ್ನೇ ಕೇಳ್ಕೊಳ್ಳಿ. ನನ್ನ ಗಿರಾಕಿ ಯಾವುದಕ್ಕೆ ಗೊಣಗ್ತಾನೆ? ಹೇಳಿದ ದಿನ ಫೋನ್ ರಿಪೇರಿಯಾಗಿ ಸಿಗಲ್ಲ ಅನ್ನೋದಕ್ಕಾ? ಮದುವೆ ಫೋಟೋ ಆಲ್ಬಮ್ ಮೂರು ತಿಂಗಳಾದ್ರೂ ಬರಲ್ಲ ಅನ್ನೋದಕ್ಕಾ? ಆ ಗೊಣಗಾಟವನ್ನ ಕಂಪ್ಯೂಟರ್ ನಿಲ್ಲಿಸುತ್ತೆ ಅಂದ್ರೆ ದುಡ್ಡು ಹಾಕಿ. ಆ ಗೊಣಗಾಟದಿಂದಲೇ ನಿಮಗೆ ನಾಲ್ಕು ಕಾಸು ಬರ್ತಿದೆ ಅಂದ್ರೆ ಬ್ಲಾಕ್‌ಬಸ್ಟರಿನ ದಂಡ ನೆನಪು ಮಾಡ್ಕೊಳ್ಳಿ. ಬೇರೆ ಯಾರೋ ಆಗಲೇ ಲಕೋಟೆ ಹಿಡ್ಕೊಂಡು ಅಂಚೆ ಡಬ್ಬದ ಹತ್ತಿರ ನಿಂತಿರ್ತಾನೆ.

ಸಂಬಳಕ್ಕೆ ಇರೋ ತಮ್ಮಂದಿರಿಗೂ ಒಂದು ಮಾತು. ಬ್ಲಾಕ್‌ಬಸ್ಟರ್ ಜೋರಾಗಿದ್ದಾಗ ಅದರಲ್ಲಿ 80 ಸಾವಿರಕ್ಕೂ ಹೆಚ್ಚು ಜನ ಕೆಲಸಕ್ಕಿದ್ದರು. ಆಡಳಿತ ಮಂಡಳಿ ಕೋಣೆಯಲ್ಲಿ ಬೋನಸ್ಸಿಗೆ ಜಗಳವಾಡಿದೋರು ಆಮೇಲೂ ಸಾಹುಕಾರರಾಗೇ ಉಳಿದರು. ಮನೆಗೆ ಹೋದೋರು ಕೌಂಟರಿನ ಹುಡುಗರು. ಅಂಗಡಿಗೆ ಯಾವ ಯಂತ್ರ ಬಂದ್ರೂ ಮೊದಲು ಅದನ್ನ ಕಲಿಯೋನು ನೀನಾಗು. ಯಾಕಂದ್ರೆ ಧಣಿ ತಪ್ಪು ಮಾಡಿದಾಗ ನಿನ್ನ ಜೊತೆ ಬರೋದು ಆ ವಿದ್ಯೆ ಒಂದೇ.

ಕೊನೇ ಸೀನು. ಆ 9 ಸಾವಿರ ಅಂಗಡಿಗಳಲ್ಲಿ ಉಳಿದದ್ದು ಒಂದೇ ಒಂದು, ಅಮೆರಿಕದ ಓರೆಗಾನ್ ರಾಜ್ಯದ ಬೆಂಡ್ ಅನ್ನೋ ಊರಿನಲ್ಲಿ. ದೂರದೂರದಿಂದ ಜನ ಬಂದು ಫೋಟೋ ಹೊಡೆಸ್ಕೊಂಡು, ಟೀ ಷರಟು ಕೊಂಡು ಹೋಗ್ತಾರೆ. ಉಳಿದ ಅಂಗಡಿಗಳೆಲ್ಲ ಮುಚ್ಚಿದ ಮೇಲೂ ಅಲ್ಲಿ ಲೆಕ್ಕ ಇಡ್ತಿದ್ದದ್ದು ಫ್ಲಾಪಿ ಹಾಕೋ ಅದೇ ಹಳೇ ಕಂಪ್ಯೂಟರು. ಒಂದು ಕಾಲಕ್ಕೆ ಊರೂರಿನ ವಿಡಿಯೋ ಅಂಗಡಿಗಳಿಗೆ ಬಾಗಿಲು ಹಾಕಿಸಿದ ಯಂತ್ರ ಅದು. ಈಗ ಜನ ಅದನ್ನ ಮ್ಯೂಸಿಯಂ ನೋಡಿದ ಹಾಗೆ ನೋಡಿ ನಗ್ತಾರೆ.

ಬರ್ಲಾ? ಮುಂದಿನ ವಾರ ಇದೇ ಪುಟದಲ್ಲಿ ಸಿಗೋಣ. ಬಸ್ಸಿಗೆ ಹೊತ್ತಾಯ್ತು, ಚಿಲ್ಲರೆ ಜೋಪಾನ!